ಇಗ್ನೇಷಿಯಸ್ ಲೋಬೊ ಕಾಯ್ದ ಬಾಗಿಲು

ಎಲ್ವ್‌ಸ್ಟ್ರಾಂಡ್ ಊರಿನ ಹಳೆಯ ಐಸ್ ಹಾಕಿ ಅಂಗಣವನ್ನು ಕೆಡವುತ್ತಾರೆಂದು ಗೊತ್ತಾದ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಇಗ್ನೇಷಿಯಸ್ ಲೋಬೊ ಅಲ್ಲಿಗೆ ಹೋಗಿ ಒಂದು ಬಾಗಿಲನ್ನು ಕೇಳಿ ತಂದ. ಅಂಥಾ ಚಂದದ ಬಾಗಿಲೇನಲ್ಲ. ಎದೆಯೆತ್ತರದ್ದು, ಬಿಳಿ ಬಣ್ಣ ಅಲ್ಲಲ್ಲಿ ಎದ್ದುಹೋದದ್ದು, ಕೆಳಗಡೆ ಸ್ಕೇಟಿನ ಅಲಗು ತಾಗಿ ತಾಗಿ ನಾಯಿ ಕೆರೆದಂತಾಗಿತ್ತು. ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಬಂದು ಗ್ಯಾರೇಜಿನ ಗೋಡೆಗೆ ಒರಗಿಸಿದಾಗ ಹೆಂಡತಿ ಮೇರಿ ಹೊರಗೆ ಬಂದು ನೋಡಿದಳು.

"ಇದೆಂತದು? ಊರಿನವರು ಬಿಸಾಡಿದ್ದೆಲ್ಲ ನಮ್ಮ ಮನೆಗೇ ಬರಬೇಕಾ?"

"ಇರ್ಲಿ ಮಾರಾಯ್ತಿ. ಅಷ್ಟು ವರ್ಷ ಹಿಡ್ಕೊಂಡು ನಿಂತ ಬಾಗಿಲು."

ಮನೆಯಲ್ಲಿ ಅವರಾಡುವುದು ಕೊಂಕಣಿ. ಇಲ್ಲಿ ಅದನ್ನು ಅವರ ಕರಾವಳಿಯ ಕನ್ನಡದಲ್ಲೇ ಕೊಟ್ಟಿದೆ. ಆ ಬಾಗಿಲ ಹಿಂದೆ ಏನು ನಡೆದಿತ್ತೆಂಬುದು ಮೇರಿಗೂ ಗೊತ್ತಿತ್ತು.

ಇಗ್ನೇಷಿಯಸ್ ಕಿನ್ನಿಗೋಳಿಯವನು. ಬೆಂಗಳೂರಿನಲ್ಲಿ ವಿಮಾನದ ಎಂಜಿನ್ ಕೆಲಸ ಕಲಿತು, ತೊಂಬತ್ತರ ದಶಕದಲ್ಲಿ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿಗೆ ಅದೇ ಕೆಲಸಕ್ಕೆ ಬಂದ. ಮನೆ ಮಾಡಿದ್ದು ಮಾತ್ರ ನದಿಯ ಕೆಳಹರಿವಿನ ಪುಟ್ಟ ಊರು ಎಲ್ವ್‌ಸ್ಟ್ರಾಂಡಿನಲ್ಲಿ, ಹಿತ್ತಲಿದ್ದ ಮನೆಯೇ ಬೇಕೆಂದು ಮೇರಿ ಹಟ ಹಿಡಿದದ್ದರಿಂದ. ಅಲ್ಲಿಯವರೆಗೆ ಅವನ ಮಟ್ಟಿಗೆ ಮಂಜುಗಡ್ಡೆ ಎಂದರೆ ಬಂಗುಡೆ ಮೀನಿನ ಬುಟ್ಟಿಯಲ್ಲಿ ಇರುವಂಥದ್ದು. ಅದರ ಮೇಲೆ ದೊಡ್ಡ ದೊಡ್ಡ ಗಂಡಸರು ಕತ್ತಿಯಂಥ ಬೂಟು ಹಾಕಿಕೊಂಡು ಓಡುತ್ತಾ, ಕೋಲು ಹಿಡಿದು ಒಬ್ಬರ ಮೇಲೊಬ್ಬರು ಬೀಳುವುದನ್ನು ಮೊದಲ ಸಲ ನೋಡಿದಾಗ ಇದಕ್ಕೆ ಆಟವೆಂದು ಹೆಸರಿಟ್ಟವರು ಯಾರಪ್ಪಾ ಎನ್ನಿಸಿತ್ತು. ಆದರೆ ಮಗ ಕೆವಿನ್ ಏಳನೆಯ ವಯಸ್ಸಿಗೆ ಅದರ ಹುಚ್ಚು ಹತ್ತಿಸಿಕೊಂಡ. ಮಗನ ಹುಚ್ಚು ಅಪ್ಪನನ್ನು ಬಿಟ್ಟೀತೇ?

ಆ ದೇಶದ ಕ್ಲಬ್ಬುಗಳಲ್ಲಿ ಒಂದು ಪದ್ಧತಿ ಇದೆ. ಮಗು ಆಡಬೇಕಾದರೆ ಅಪ್ಪ ಅಮ್ಮ ಸುಮ್ಮನೆ ಕೂತು ಚಪ್ಪಾಳೆ ತಟ್ಟುವ ಹಾಗಿಲ್ಲ, ಏನಾದರೊಂದು ಕೆಲಸ ಹೊರಬೇಕು. ಕಾಫಿ ಮಾರುವುದು, ಮಕ್ಕಳನ್ನು ಕಾರಿನಲ್ಲಿ ಸಾಗಿಸುವುದು, ಒದ್ದೆ ಜೆರ್ಸಿ ಒಗೆಯುವುದು. ಇಗ್ನೇಷಿಯಸ್‌ಗೆ ಸ್ಕೇಟಿಂಗ್ ಬಾರದು, ಸಾಸೇಜು ಸುಡಲು ಹೋದರೆ ಕರಕಲಾಗುತ್ತಿತ್ತು. ಹಾಗಾಗಿ ಅವನಿಗೆ ಬಂದದ್ದು ಶಿಕ್ಷೆಯ ಗೂಡಿನ ಬಾಗಿಲು. ತಪ್ಪು ಆಟ ಆಡಿದವನನ್ನು ರೆಫ್ರಿ ಎರಡು ನಿಮಿಷ ಹೊರಗೆ ಕಳಿಸುತ್ತಾನೆ. ಅವನು ಅಂಗಣದ ಅಂಚಿನ ಗೂಡಿನೊಳಗೆ ಕೂರಬೇಕು, ಹೊತ್ತು ಮುಗಿದಾಗ ಬಾಗಿಲು ತೆರೆದು ಬಿಡುವುದು ಇಗ್ನೇಷಿಯಸ್‌ನ ಕೆಲಸ. ಪಕ್ಕದಲ್ಲೇ, ಗಾಜಿನಾಚೆ, ಎದುರಾಳಿಗಳ ಗೂಡು.

ಈ ಕೆಲಸ ಅವನಿಗೆ ಎಷ್ಟು ಹಿಡಿಸಿತೆಂದರೆ ಕೆವಿನ್ ಆಡದ ದಿನವೂ ಹೋಗಿ ನಿಲ್ಲುತ್ತಿದ್ದ. ಏದುಸಿರು ಬಿಡುತ್ತಾ, ಬೆವರು ಸುರಿಸುತ್ತಾ ಬಂದು ಕೂತವರು ರೆಫ್ರಿಯನ್ನೂ ದೇವರನ್ನೂ ತಮ್ಮ ಹಣೆಬರಹವನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಎರಡು ನಿಮಿಷದಲ್ಲಿ ತಣ್ಣಗಾಗಿ, "ಥ್ಯಾಂಕ್ಸ್ ಇಗ್ಗಿ" ಎಂದು ಎದ್ದು ಹೋಗುತ್ತಿದ್ದರು. ಅವನಿಗೆ ಇದೆಲ್ಲ ಊರಿನ ಇಗರ್ಜಿಯ ಪಾಪನಿವೇದನೆಯ ಗೂಡಿನ ಹಾಗೆಯೇ ಕಾಣುತ್ತಿತ್ತು. ಪಾದ್ರಿ ಕೇಳಿದ್ದನ್ನು ಪಾದ್ರಿ ಹೊರಗೆ ಆಡುವುದಿಲ್ಲ. ಇಲ್ಲಿ ಕೇಳಿದ್ದು ಇಲ್ಲಿಗೇ ಎಂದು ಅವನೂ ಒಂದು ನೇಮ ಮಾಡಿಕೊಂಡ. ಅವನಿಗೆ ಆ ನೇಮ ಹೇಳಿದವರು ಯಾರೂ ಇಲ್ಲ, ಪಾದ್ರಿಯ ಪಟ್ಟ ಕಟ್ಟಿದವರೂ ಇಲ್ಲ.

ಕೆವಿನ್‌ಗೆ ಸ್ಕೇಟಿಂಗ್ ಕಲಿಸಿದವನು ಹೋಕನ್. ಊರಾಚೆ ಅವನಿಗೆ ಓಟ್ಸ್ ಬೆಳೆಯುವ ಹೊಲವಿತ್ತು. ದೊಡ್ಡವರ ತಂಡದ ಕ್ಯಾಪ್ಟನ್, ಸಂಜೆ ಚಿಕ್ಕಮಕ್ಕಳ ಕೋಚ್. ಮಾತು ಕಡಿಮೆ. ಕೆವಿನ್ ಸೇರಿದ ಎರಡನೆಯ ವರ್ಷ, ಪ್ರಾಕ್ಟೀಸಿನ ನಡುವೆ ಯಾವನೋ ಹುಡುಗ ಅವನನ್ನು ಕರಿತಲೆಯವನೇ ಎಂದು ಕರೆದ, ಹೊರಗಿನಿಂದ ಬಂದವರನ್ನು ಅಲ್ಲಿ ಹಂಗಿಸುವ ಮಾತದು. ಹೋಕನ್ ಸೀಟಿ ಊದಿದ, ಎಲ್ಲರನ್ನೂ ಐಸಿನ ಮೇಲೆ ಕೂರಿಸಿದ, ತಾನೂ ಕೂತ.

"ಯಾರು ಅಂದದ್ದು ಎಂದು ನಾನು ಕೇಳುವುದಿಲ್ಲ. ಅಂದವನು ತಾನಾಗಿ ಎದ್ದು ನಿಲ್ಲುತ್ತಾನೆ. ಅಲ್ಲಿಯವರೆಗೆ ಕೂರೋಣ."

ಕೂತರು. ಚಡ್ಡಿ ಒದ್ದೆಯಾಯಿತು, ಹಲ್ಲು ಕಟಕಟ ಎಂದಿತು. ಗೂಡಿನ ಬಾಗಿಲಿಗೆ ಆತು ನಿಂತಿದ್ದ ಇಗ್ನೇಷಿಯಸ್‌ಗೆ ಇನ್ನು ಮಕ್ಕಳಿಗೆ ಜ್ವರ ಬರುತ್ತದೆಂದು ಗಾಬರಿಯಾಯಿತು. ಕೊನೆಗೆ ಒಬ್ಬ ಹುಡುಗ ಅಳುತ್ತಾ ಎದ್ದ. ಹೋಕನ್ ಅವನನ್ನು ಬೈಯಲಿಲ್ಲ, "ಸರಿ, ಆಟ ಶುರು" ಎಂದ, ಅಷ್ಟೇ. ಅವತ್ತು ಮನೆಗೆ ಬಂದು ಇಗ್ನೇಷಿಯಸ್ ಮೇರಿಗೆ ಇದನ್ನು ಎರಡೆರಡು ಸಲ ಹೇಳಿದ.

ಮರುವರ್ಷದ ತೆನೆ ಹಬ್ಬಕ್ಕೆ ಹೋಕನ್‌ನನ್ನು ಊಟಕ್ಕೆ ಕರೆದರು. ಸೆಪ್ಟೆಂಬರ್ ಎಂಟು, ಮೇರಿ ಮಾತೆಯ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅಂದು ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯ ಮೇಲೆ ತರಕಾರಿ ಊಟ. ಇಗರ್ಜಿಯಲ್ಲಿ ಮಂತ್ರಿಸಿ ತಂದ ಹೊಸ ತೆನೆಯ ಕಾಳನ್ನು ಪಾಯಸಕ್ಕೆ ಹಾಕಿ, ಮನೆಯ ಯಜಮಾನ ತನ್ನ ಕೈಯಾರೆ ಒಬ್ಬೊಬ್ಬರಿಗೂ ಕೊಡುತ್ತಾನೆ. ದೂರ ಇದ್ದವರಿಗೂ ಪಾಲುಂಟು. ಇಗ್ನೇಷಿಯಸ್ ಬೆಂಗಳೂರಿನಲ್ಲಿದ್ದಾಗ ಅವನ ಅಮ್ಮ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಟಪಾಲಿನಲ್ಲಿ ಕಳಿಸುತ್ತಿದ್ದಳು, ಅವನು ಅದನ್ನು ಹಾಸ್ಟೆಲಿನ ನೀರು ನೀರಾದ ಹಾಲಿಗೆ ಹಾಕಿ ಕುಡಿಯುತ್ತಿದ್ದ. ಸ್ವೀಡನ್ನಿನಲ್ಲಿ ಭತ್ತದ ತೆನೆ ಎಲ್ಲಿ? ವಿಷಯ ತಿಳಿದ ಹೋಕನ್ ತನ್ನ ಹೊಲದಿಂದ ಓಟ್ಸ್ ತೆನೆಯ ಒಂದು ಕಂತೆ ತಂದುಕೊಟ್ಟ. ಅಲ್ಲಿಯ ಇಗರ್ಜಿಯಲ್ಲಿದ್ದ ಪೋಲೆಂಡಿನ ಪಾದ್ರಿ ಅದನ್ನೇ ಮಂತ್ರಿಸಿಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಹೋಕನ್ ತೆನೆ ತರುತ್ತಿದ್ದ, ಮರುದಿನ ಸಂಜೆ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಲಾರದೆ ಒದ್ದಾಡುತ್ತಾ ಊಟ ಮಾಡುತ್ತಿದ್ದ. ಎಷ್ಟು ಚಂದದ ವರ್ಷಗಳು ಅವು. ಈಗ ನೆನೆದರೆ ಇಗ್ನೇಷಿಯಸ್‌ಗೆ ಹೊಟ್ಟೆಯೊಳಗೆಲ್ಲ ಬೆಚ್ಚಗಾಗುತ್ತದೆ.

ಎರಡು ಸಾವಿರದ ಐದರ ಸೆಪ್ಟೆಂಬರ್ ಮೊದಲ ವಾರ ಒಂದು ಅಭ್ಯಾಸ ಪಂದ್ಯ. ಕೆವಿನ್‌ಗೆ ಆಗ ಹದಿನೇಳು. ದೊಡ್ಡವರ ತಂಡದಲ್ಲಿ ಅದೇ ಮೊದಲ ಆಟ. ಕಿರಿಯರ ರಾಷ್ಟ್ರೀಯ ಶಿಬಿರಕ್ಕೂ ಅವನ ಹೆಸರು ಹೋಗಿತ್ತು. ಎದುರಾಳಿ ತಂಡದಲ್ಲಿ ಕೆನಡಾದ ಕ್ವಿಬೆಕ್ ಕಡೆಯ ಇಬ್ಬರಿದ್ದರು. ಫ್ರೆಂಚ್ ಅವರ ಮನೆಮಾತು. ಆಟದ ನಡುವೆ ತಮ್ಮತಮ್ಮಲ್ಲೇ ಫ್ರೆಂಚಿನಲ್ಲಿ ಕೂಗಿ ನಗುತ್ತಿದ್ದರು, ಉಳಿದವರಿಗೆ ಇವರು ನಮ್ಮ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆಂದು ಮೈ ಉರಿಯುತ್ತಿತ್ತು. ಇಗ್ನೇಷಿಯಸ್‌ಗೆ ಮಾತ್ರ ಬೆಂಗಳೂರಿನ ಸಿಟಿ ಬಸ್ಸು ನೆನಪಾಯಿತು. ತಾನೂ ಗೆಳೆಯನೂ ಕೊಂಕಣಿ ಮಾತಾಡಿದರೆ ಹಿಂದಿನ ಸೀಟಿನವರು ಹೀಗೇ ದುರುಗುಟ್ಟಿ ನೋಡುತ್ತಿದ್ದರು. ಪಾಪ, ಊರ ಮಾತಿಗೆ ಒಬ್ಬ ಸಿಕ್ಕಿದ್ದಾನೆ, ಮಾತಾಡಿಕೊಳ್ಳಲಿ ಬಿಡಿ ಎನ್ನಿಸಿತು.

ಆ ಇಬ್ಬರಲ್ಲಿ ಎತಿಯೆನ್ ಎಂಬವನು ಕೆವಿನ್‌ನನ್ನು ಗೋಡೆಗೆ ಅಪ್ಪಳಿಸಿದ. ಕೆವಿನ್ ಕೋಲು ಬೀಸಿದ, ಹೋಕನ್ ನಡುವೆ ಬಂದ. ರೆಫ್ರಿ ಮೂವರನ್ನೂ ಹೊರಗೆ ಹಾಕಿದ. ಎತಿಯೆನ್ ಆ ಗೂಡಿನಲ್ಲಿ, ಹೋಕನ್ ಮತ್ತು ಕೆವಿನ್ ಈ ಗೂಡಿನಲ್ಲಿ. ಎತಿಯೆನ್ ತನ್ನ ಜೊತೆಗಾರನಿಗೆ ಫ್ರೆಂಚಿನಲ್ಲಿ ಏನೋ ಕೂಗಿ ನಕ್ಕ. ಕೆವಿನ್ ಎದ್ದು ಗಾಜಿಗೆ ಮುಖ ಚಾಚಿ ಒಂದು ಮಾತು ಅಂದ. ಫ್ರೆಂಚ್ ಮಾತಾಡುವವರ ಕುಲವನ್ನೇ ಹೀಯಾಳಿಸುವ ಕೊಳಕು ಮಾತು. ಅದನ್ನು ಇಲ್ಲಿ ಬರೆದು ಕಾಗದ ಹೊಲಸು ಮಾಡುವುದು ಬೇಡ. ಬಾಗಿಲ ಚಿಲಕ ಹಿಡಿದಿದ್ದ ಇಗ್ನೇಷಿಯಸ್‌ಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಹೋಕನ್ ಎದ್ದವನೇ ಕೆವಿನ್‌ನ ಭುಜ ಹಿಡಿದು ಕೆಳಗೆ ಕೂರಿಸಿದ. ಅದೇ ಹೊತ್ತಿಗೆ ರೆಫ್ರಿ ತಿರುಗಿ ನೋಡಿದ. ಆ ಮಾತು ಕೇಳಿಸಿದಾಗ ಎತಿಯೆನ್ ಜೊತೆಗಾರನತ್ತ ಮುಖ ಮಾಡಿದ್ದ, ಅಂದವರು ಯಾರೆಂದು ಕಂಡಿರಲಿಲ್ಲ. ಈಗ ತಿರುಗಿ ಈ ಗೂಡಿನತ್ತ ಬೆರಳು ತೋರುತ್ತಿದ್ದ. ಗಾಜಿನ ಹತ್ತಿರ ನಿಂತಿದ್ದವನು ಹೋಕನ್.

ಮರುದಿನದ ಊರ ಪತ್ರಿಕೆಯ ಮುಖಪುಟದಲ್ಲಿ ಕ್ಯಾಪ್ಟನ್‌ನ ಚಿತ್ರ, ಜನಾಂಗ ನಿಂದನೆಯ ಆರೋಪ. "ಹತ್ತನೆಯ ವಯಸ್ಸಿನಿಂದ ಈ ಮಾತು ಕೇಳುತ್ತಿದ್ದೇನೆ, ಈ ಸಲ ಬಿಡುವುದಿಲ್ಲ" ಎಂದಿದ್ದ ಎತಿಯೆನ್. ಊರಿಗೆ ಊರೇ ಎರಡಾಯಿತು. ಹೋಕನ್ ಹಾಗೆ ಅನ್ನುವವನೇ ಅಲ್ಲ ಎಂದು ಕೆಲವರು. ಅಂದರೇನಂತೆ, ಹಾಕಿಯಲ್ಲಿ ಇದೆಲ್ಲ ಇದ್ದದ್ದೇ, ಫ್ರೆಂಚಿನವರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಚ್ಚಿನವರು. ಎಲ್ಲಿಯೂ ಮಾತಿನ ಪೆಟ್ಟು ತಿನ್ನದವರು ಪೆಟ್ಟು ತಿಂದವನಿಗೆ ಎಷ್ಟು ನೋಯಬೇಕೆಂದು ಲೆಕ್ಕ ಹೇಳಿಕೊಡುತ್ತಾರಲ್ಲ, ಅಂಥವರಿಗೆ ಯಾವ ದೇಶದಲ್ಲೂ ಬರವಿಲ್ಲ. ಹಾಕಿ ಸಂಘದ ವಿಚಾರಣೆ ಮುಗಿಯುವವರೆಗೆ ಹೋಕನ್ ಮಕ್ಕಳಿಗೆ ಕಲಿಸಬಾರದೆಂದು ಕ್ಲಬ್ಬು ಹೇಳಿತು. ಮದುವೆಯಾಗದ ಆ ಮನುಷ್ಯನಿಗೆ ಇದ್ದದ್ದು ಹೊಲ, ಮತ್ತೆ ಆ ಮಕ್ಕಳು. ವಿಚಾರಣೆಯವರಿಗೆ ಅವನು ಕೊಟ್ಟ ಉತ್ತರ ಇಷ್ಟೇ: "ಮಾತು ನಮ್ಮ ಗೂಡಿನಿಂದ ಬಂದದ್ದು ನಿಜ. ನಾನು ಕ್ಯಾಪ್ಟನ್."

ಇತ್ತ ಇಗ್ನೇಷಿಯಸ್‌ನ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅಪ್ಪನಿಗೆ ಗೊತ್ತೆಂದು ಮಗನಿಗೆ ಗೊತ್ತಿತ್ತು. ಶಿಬಿರ ತಪ್ಪಿದರೆ ಮಗನ ಬಾಳೇ ಹಾಳೆಂದು ಒಂದು ಮನಸ್ಸು, ಹೋಕನ್‌ನ ಮುಖ ನೆನೆದು ಇನ್ನೊಂದು. ಕಾರ್ಖಾನೆಯ ಫೀಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಕುಡಿಯುತ್ತಿರುವಾಗ, ಅವನ ಗೆಳೆಯ ನಂದಕುಮಾರ ಹತ್ತಿರ ಬಂದು ಕೂತ. ಬೆಂಗಳೂರಿನ ಬಸವನಗುಡಿಯವನು, ಎಂಜಿನ್ ಸಂಶೋಧನೆಯ ವಿಭಾಗದಲ್ಲಿದ್ದ.

"ಇಗ್ಗಿ, ಯಾಕಪ್ಪ ಇಷ್ಟೊಂದು ಟೆನ್ಷನ್? ಪೇಪರಲ್ಲಿ ಓದಿದೆ. ನೀನು ಅಲ್ಲೇ ಇದ್ಯಲ್ಲ, ನಿನ್ನೂ ಕೇಳ್ತಾರೆ."

"ಕೇಳಿದ್ರೆ ಎಂತ ಹೇಳುದು?"

"ಸಿಂಪಲ್. ನಾಯ್ಸ್ ಇತ್ತು, ಕೇಳಿಸ್ಲಿಲ್ಲ ಅನ್ನು. ನಾವು ಹೊರಗಿನವ್ರು ಕಣೋ, ಅವ್ರವ್ರ ಜಗಳದಲ್ಲಿ ಸಾಕ್ಷಿ ಹೇಳಕ್ ಹೋಗಿ ಯಾಕೆ ತಲೆನೋವು?"

ಸಂಜೆ ವಿಚಾರಣೆಯ ಹೆಂಗಸು ಫೋನ್ ಮಾಡಿದಳು. ಸ್ವೀಡಿಷ್ ಮಾತಾಡುವಾಗ ಹತ್ತು ಕಡೆ ಎಡವುವ ಇಗ್ನೇಷಿಯಸ್ ಅವತ್ತು ಒಂದೂ ತಪ್ಪಿಲ್ಲದೆ, "ಜನರ ಗದ್ದಲ ಇತ್ತು, ನನಗೇನೂ ಕೇಳಿಸಲಿಲ್ಲ" ಎಂದ. ಗೂಡಿನಲ್ಲಿ ಕೇಳಿದ್ದು ಗೂಡಿಗೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ರಾತ್ರಿಯ ಊಟದವರೆಗೂ ಬಾಳಲಿಲ್ಲ.

ಹಬ್ಬದ ಹಿಂದಿನ ದಿನ ಹೋಕನ್ ಬರಲಿಲ್ಲ.

"ಅವನಿಗೆ ಎಂತ ಆಗಿದೆ? ತೆನೆ ಇಲ್ಲದೆ ಹಬ್ಬ ಮಾಡುದಾ?" ಎಂದಳು ಮೇರಿ. "ನೀವೇ ಹೋಗಿ ನೋಡಿ. ಊರಿನವರು ಸಾವಿರ ಹೇಳ್ಲಿ, ನಮ್ಮ ಮನೆಯ ಬಾಗಿಲು ಅವನಿಗೆ ತೆರೆದೇ ಉಂಟು ಅಂತ ಹೇಳಿ."

ಇಗ್ನೇಷಿಯಸ್ ಹೋದಾಗ ಹೋಕನ್ ಕೊಟ್ಟಿಗೆಯಲ್ಲಿ ಕೊಯ್ಲು ಯಂತ್ರದ ಕೆಳಗೆ ಮಲಗಿದ್ದ. ಎದ್ದು ಬಂದು ಕೈ ಒರೆಸಿಕೊಂಡು ಕಾಫಿ ಸುರಿದುಕೊಟ್ಟ.

"ತೆನೆ ಹೊಲದಲ್ಲಿದೆ. ಈ ಸಲ ನೀನೇ ಕೊಯ್ದುಕೊ."

"ನಾಳೆ ಊಟಕ್ಕೆ ಬಾ."

"ಈ ವರ್ಷ ಬೇಡ."

"ಹೋಕನ್, ನಿಜ ಏನೆಂದು ನೀನು ಹೇಳಿಬಿಡಬಹುದಲ್ಲ."

"ನಾನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನಿನಗೆ ಗೊತ್ತಲ್ಲ." ಹೋಕನ್ ತನ್ನ ಲೋಟವನ್ನು ನೋಡಿದ. "ನಿನಗೆ ಕೇಳಿಸಲಿಲ್ಲ ಎಂದೆಯಂತೆ."

"ಹೌದು" ಎಂದ ಇಗ್ನೇಷಿಯಸ್. ಹೊಲದಂಚಿನಲ್ಲಿ ಬಗ್ಗಿ ಓಟ್ಸ್ ಕೊಯ್ಯುವಾಗ, ಅಷ್ಟು ವರ್ಷದಲ್ಲಿ ಮೊದಲ ಸಲ, ಆ ಮನುಷ್ಯನ ಹೊಲದಿಂದ ಕದಿಯುತ್ತಿದ್ದೇನೆ ಎನ್ನಿಸಿತು.

ಹಬ್ಬದ ಸಂಜೆ ನೆಲದ ಮೇಲೆ ಐದು ಎಲೆ. ಗಾಥೆನ್‌ಬರ್ಗಿನ ಏಷ್ಯನ್ ಅಂಗಡಿಯಿಂದ ತಂದ ಫ್ರೋಜನ್ ಬಾಳೆಲೆ, ಬಿಸಿ ನೀರಿನಲ್ಲಿ ಬಿಡಿಸಿದ್ದು. ಮೇರಿ, ಕೆವಿನ್, ಹಬ್ಬದೂಟ ಎಂದರೆ ಓಡಿ ಬರುವ ನಂದಕುಮಾರ, ಇಗ್ನೇಷಿಯಸ್. ಐದನೆಯದು ಹೋಕನ್‌ದು, ಖಾಲಿ. ಇಗ್ನೇಷಿಯಸ್ ಪಾಯಸದ ಪಾತ್ರೆ ಎತ್ತಿಕೊಂಡ. ಆಗ ಅವನಿಗೆ ಕಿನ್ನಿಗೋಳಿಯ ಅಜ್ಜಿ ನೆನಪಾದಳು. ಒಂದು ವರ್ಷ ಅವನ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿರಲಿಲ್ಲ. ಅಜ್ಜಿ ಪಾಯಸದ ಮಡಕೆಯ ಮೇಲೆ ತಟ್ಟೆ ಮುಚ್ಚಿ, ಅದರ ಎದುರು ಕಾಲು ಚಾಚಿ ಕೂತುಬಿಟ್ಟಿದ್ದಳು. ಮನಸ್ಸು ಸರಿ ಇಲ್ಲದ ಕೈಯಿಂದ ಹೊಸಕಾಳು ಕೊಡುವ ಹಾಗಿಲ್ಲ ಎಂದಿದ್ದಳು. ಮಕ್ಕಳೆಲ್ಲ ಹಸಿದು ಗೋಳಾಡಿದರೂ ಜಗ್ಗಲಿಲ್ಲ. ಕೊನೆಗೆ ದೊಡ್ಡಪ್ಪ ಹೊಲ ದಾಟಿ ಬಂದಾಗಲೇ ತಟ್ಟೆ ತೆಗೆದಳು.

ಇಗ್ನೇಷಿಯಸ್ ಮೇರಿಗೆ ಕೊಟ್ಟ. ನಂದಕುಮಾರನಿಗೆ ಕೊಟ್ಟ. ಕೆವಿನ್‌ನ ಮುಂದೆ ಬಂದಾಗ ಕೈ ನಿಂತಿತು. ಒಂದು ಬಟ್ಟಲಿಗೆ ಪಾಯಸ ಹಾಕಿ, ಮುಚ್ಚಳ ಹಾಕಿ, ಮಗನ ಕೈಗಿಟ್ಟ.

"ಇದು ಹೋಕನ್‌ನ ಪಾಲು. ನೀನು ಕೊಟ್ಟು ಬಾ."

ಕೆವಿನ್ ಸ್ವೀಡಿಷ್‌ನಲ್ಲಿ, "ಬೇರೆ ಯಾರಾದರೂ ಹೋಗಲಿ" ಎಂದ.

"ನಿನ್ನ ಪಾಲು, ನನ್ನ ಪಾಲು ಎರಡೂ ಹಾಗೇ ಇರ್ತದೆ. ಅವನು ತಿಂದ ಮೇಲೆ ನಾವು."

ಅಪ್ಪ ತನ್ನ ಪಾಲನ್ನೂ ತೆಗೆದಿಟ್ಟದ್ದು ನೋಡಿ ಹುಡುಗನ ಮುಖ ಕುಂದಿತು. ಬಟ್ಟಲು ಹಿಡಿದು ಸೈಕಲ್ ಹತ್ತಿದ.

"ಇದೆಂತ ಹೊಸ ಕ್ರಮ?" ಎಂದು ಮೇರಿ ಕೇಳಿದಳು. ಇಗ್ನೇಷಿಯಸ್ ಹೇಳಿಬಿಟ್ಟ. "ಆ ಮಾತು ಹೋಕನ್ ಹೇಳಿದ್ದಲ್ಲ. ನಮ್ಮ ಹುಡುಗ ಹೇಳಿದ್ದು. ನನಗೆ ಕೇಳಿತ್ತು. ಕೇಳ್ಲಿಲ್ಲ ಅಂತ ಸುಳ್ಳು ಹೇಳಿದೆ." ಮೇರಿ ಬಾಯಿಯವರೆಗೆ ಒಯ್ದಿದ್ದ ಬಟ್ಟಲನ್ನು ಕೆಳಗಿಟ್ಟಳು. ನಂದಕುಮಾರ ತನ್ನ ಬಟ್ಟಲನ್ನು ನೋಡಿದ, ಅರ್ಧ ಖಾಲಿಯಾಗಿತ್ತು. ಅವನೂ ಅದನ್ನು ಪಕ್ಕಕ್ಕೆ ಸರಿಸಿದ.

ಕೆವಿನ್ ಹೊತ್ತು ಮುಳುಗುವ ಮೊದಲೇ ವಾಪಸು ಬಂದ. "ತೆಗೆದುಕೊಂಡ. ತಿನ್ನಲಿಲ್ಲ. ನಾಳೆ ಐಸಿಗೆ ಬಾ ಎಂದ." ಅಷ್ಟು ಹೇಳಿ ಕೋಣೆಗೆ ಹೋದ. ಮೇರಿ ಮೂರೂ ಬಟ್ಟಲುಗಳ ಮೇಲೆ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. ಅಜ್ಜಿಯನ್ನು ಅವಳು ನೋಡಿರಲಿಲ್ಲ, ಆದರೂ ಅದೇ ಕೆಲಸ ಮಾಡಿದಳು.

ಮರುದಿನ ಸಂಜೆ ದೊಡ್ಡವರ ಇಡೀ ತಂಡ ಐಸಿನ ಮೇಲೆ ಕೂತಿತ್ತು. ಗಡ್ಡ ಬಂದವರು, ಮದುವೆಯಾದವರು, ಮಕ್ಕಳಿದ್ದವರು. ಹೋಕನ್ ಅವರ ನಡುವೆ. ಅವನೇನೂ ಹೇಳಿರಲಿಲ್ಲ, ಬಂದು ಕೂತಿದ್ದ, ಅಷ್ಟೇ. ಅವರಲ್ಲಿ ಅರ್ಧದಷ್ಟು ಮಂದಿ ಚಿಕ್ಕಂದಿನಲ್ಲಿ ಅವನ ಕೈಕೆಳಗೆ ಹೀಗೇ ಕೂತವರು. ಅವರಿಗೆ ವಿವರಿಸುವ ಅಗತ್ಯವಿರಲಿಲ್ಲ. ಇಗ್ನೇಷಿಯಸ್ ಗೂಡಿನ ಬಾಗಿಲು ಹಿಡಿದು ನಿಂತಿದ್ದ. ಐಸ್ ಯಂತ್ರದ ಗುಂಯ್ ಸದ್ದು ಮಾತ್ರ.

ಕೆವಿನ್ ಎದ್ದು ನಿಂತ. "ನಾನು" ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲಿಲ್ಲ. ಹೋಕನ್ ಮಾತ್ರ ಕೂತಲ್ಲಿಂದ ಏಳಲಿಲ್ಲ. ಇನ್ನೂ ಕಾಯುತ್ತಿದ್ದ. ಯಾರಿಗಾಗಿ ಎಂದು ಇಗ್ನೇಷಿಯಸ್‌ಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಬಾಗಿಲು ತೆರೆದ. ಅಷ್ಟು ವರ್ಷ ಬೇರೆಯವರಿಗೆ ತೆರೆದ ಬಾಗಿಲು. ತಾನು ಅದನ್ನು ದಾಟಿದ್ದು ಅದೇ ಮೊದಲು. ಚರ್ಮದ ಬೂಟಿನಲ್ಲಿ ಎರಡು ಹೆಜ್ಜೆ ಇಟ್ಟವನೇ ಜಾರಿ ಬಿದ್ದ. ಮೊಣಕಾಲಿನ ಮೇಲೆ ತೆವಳಿ, ಕೆವಿನ್‌ನ ತೋಳು ಹಿಡಿದು ಎದ್ದು ನಿಂತ. ನಗು ಬರುವಂಥ ದೃಶ್ಯವೇ. ಯಾರೂ ನಗಲಿಲ್ಲ.

"ನನಗೆ ಕೇಳಿಸಿತ್ತು" ಎಂದ.

ಆಗ ಹೋಕನ್ ಎದ್ದ.

ಕೆವಿನ್‌ಗೆ ಆ ಋತುವಿಡೀ ನಿಷೇಧ ಬಂತು, ಶಿಬಿರ ಕೈತಪ್ಪಿತು. ಮುಂದೆ ಅವನು ದೊಡ್ಡ ಆಟಗಾರನಾಗಲಿಲ್ಲ. ಈಗ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿದ್ದಾನೆ, ಶನಿವಾರ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾನೆ. ಐಸಿನ ಮೇಲೆ ಒಪ್ಪಿಕೊಂಡ ಮರುದಿನವೇ ಅಪ್ಪ ಮಗ ಕಾರು ಹತ್ತಿ ಎತಿಯೆನ್ ಇದ್ದ ಊರಿಗೆ ಹೋದರು. ಎತಿಯೆನ್ ಬಾಗಿಲಲ್ಲೇ ನಿಂತು ಕೆವಿನ್‌ನ ಮಾತು ಪೂರ್ತಿ ಕೇಳಿದ, ತಲೆಯಾಡಿಸಿದ. ಒಳಗೆ ಬನ್ನಿ ಎನ್ನಲಿಲ್ಲ. ಇಗ್ನೇಷಿಯಸ್ ತನ್ನ ತಪ್ಪನ್ನೂ ಹೇಳಿಕೊಂಡಾಗ ಅವನತ್ತ ತಿರುಗಿದ.

"ಅವತ್ತು ಗಾಜಿನಾಚೆ ನಿಮ್ಮ ಮುಖ ನೋಡಿದೆ" ಎಂದ ಇಂಗ್ಲಿಷಿನಲ್ಲಿ. "ನಿಮಗೆ ಕೇಳಿಸಿದೆ ಎಂದು ನನಗೆ ಗೊತ್ತಿತ್ತು. ಇಲ್ಲಿ ಬೇರೆ ಯಾರು ಹೇಳದಿದ್ದರೂ ಈ ಮನುಷ್ಯ ಹೇಳುತ್ತಾನೆ ಎಂದುಕೊಂಡಿದ್ದೆ."

ಮಗನ ತಪ್ಪಿಗೆ ಮಗ ದಂಡ ತೆತ್ತ. ಇಗ್ನೇಷಿಯಸ್‌ನ ತಪ್ಪಿಗೆ ಯಾರೂ ದಂಡ ಹಾಕಲಿಲ್ಲ. ಎತಿಯೆನ್‌ನ ಆ ಮಾತು ಮಾತ್ರ ಉಳಿಯಿತು.

ಮನೆಗೆ ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಹೋಕನ್ ಕೂತಿದ್ದ. ತೊಡೆಯ ಮೇಲೆ ಅದೇ ಬಟ್ಟಲು, ಮುಚ್ಚಳ ಹಾಕಿದ್ದು ಹಾಗೇ. ಮೇರಿ ಫ್ರಿಜ್ಜಿನಿಂದ ಉಳಿದ ಬಟ್ಟಲುಗಳನ್ನು ತಂದಳು. ಎಲೆಯಿಲ್ಲ, ಸಾಲಿಲ್ಲ. ಇಗ್ನೇಷಿಯಸ್ ಮೊದಲು ಹೋಕನ್‌ಗೆ, ಆಮೇಲೆ ಮೇರಿಗೆ, ಆಮೇಲೆ ಕೆವಿನ್‌ಗೆ ತನ್ನ ಕೈಯಾರೆ ಕೊಟ್ಟು, ಕೊನೆಗೆ ತಾನು ತೆಗೆದುಕೊಂಡ.

ಕಿನ್ನಿಗೋಳಿಯ ಎಷ್ಟೋ ಹಬ್ಬಗಳ ಪಾಯಸದ ರುಚಿ ಅವನಿಗೆ ಈಗ ಮರೆತುಹೋಗಿದೆ. ಇದರದ್ದು ಮರೆತಿಲ್ಲ. ತೆಂಗಿನಹಾಲು ಆಗಲೇ ಹುಳಿ ಬಂದಿತ್ತು. ಎಲ್ಲರೂ ಬಟ್ಟಲು ಖಾಲಿಯಾಗುವವರೆಗೆ ತಿಂದರು.